ವೈದ್ಯರ ಉತ್ತರ: ರೋಗಿಗಳನ್ನು ಬಿಟ್ಟು ಟೀವಿಗೆ ಹೋಗಬೇಕೇ?

ಪ್ರಶ್ನೆ: ನಾನು ಯುವ ವೈದ್ಯೆ. ಟೀವಿಯಲ್ಲಿ ಕೆಲಸ ಮಾಡುವ ಆಸೆಯಿದೆ. ಅದಕ್ಕಾಗಿ ರೋಗಿಗಳನ್ನು ನೋಡುವುದನ್ನು ಬಿಡಬೇಕೇ?

ಉತ್ತರ: ದಯವಿಟ್ಟು ಬಿಡಬೇಡಿ. ನಾನು ವಾರಕ್ಕೆ ಐದು ದಿನ ರೋಗಿಗಳನ್ನು ನೋಡುತ್ತೇನೆ, ಒಂದು ದಿನ ಸ್ಟುಡಿಯೊಗೆ ಹೋಗುತ್ತೇನೆ. ಆ ಐದು ದಿನಗಳೇ ಆರನೆಯ ದಿನಕ್ಕೆ ಬಂಡವಾಳ. ನರಶಸ್ತ್ರಚಿಕಿತ್ಸಕ ಸಂಜಯ್ ಗುಪ್ತಾ 2001ರಲ್ಲಿ ಅಮೆರಿಕದ ಸುದ್ದಿವಾಹಿನಿ ಸಿಎನ್‌ಎನ್ ಸೇರಿದ ಮೇಲೂ ಕತ್ತರಿ ಕೆಳಗಿಡಲಿಲ್ಲ. 2003ರಲ್ಲಿ ಇರಾಕ್ ಯುದ್ಧದ ವರದಿಗೆ ಹೋದಾಗ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು.

ತೆರೆಯ ಹಿಂದಿನ ಕೆಲಸವೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ಧಾರಾವಾಹಿಯೊಂದರ ಚಿತ್ರೀಕರಣದಲ್ಲಿ ನಟ ಸ್ಟೆತಾಸ್ಕೋಪನ್ನು ತಿರುವುಮುರುವಾಗಿ ಹಾಕಿಕೊಂಡಿದ್ದ. ಕಿವಿಯ ತುದಿಗಳು ಮೂಗಿನ ಕಡೆಗೆ ಬಾಗಿರಬೇಕು ಎಂದು ತಿರುಗಿಸಿ ಹಾಕಿದೆ. ಆಮೇಲೆ ಹೃದಯ ನಿಂತ ರೋಗಿಯ ಎದೆ ಒತ್ತುವ ದೃಶ್ಯ. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಆರೋಗ್ಯವಂತ ನಟನ ಎದೆಯ ಮೇಲೆ ಹಾಗೆ ಮಾಡುವಂತಿಲ್ಲ. ಗೊಂಬೆ ತರಿಸಿ, ಮೊಣಕೈ ಮಡಿಸದೆ ಒತ್ತುವುದನ್ನು ಅರ್ಧ ಗಂಟೆ ಕಲಿಸಿದೆ. ನೋಡಿದವರು ಒಂದು ದಿನ ಹಾಗೆಯೇ ಮಾಡಬಹುದಲ್ಲ!

ಆ ರೋಗಿ ತಕ್ಷಣ ಎದ್ದು ಕೂರಬಾರದು ಎಂದೂ ಹಟ ಹಿಡಿದೆ. ಅಮೆರಿಕದ ಟೀವಿ ಕಾರ್ಯಕ್ರಮಗಳ ಬಗೆಗಿನ 1996ರ ಅಧ್ಯಯನವೊಂದರಲ್ಲಿ ಇಂಥ ದೃಶ್ಯಗಳ ಸುಮಾರು 75 ಪ್ರತಿಶತ ರೋಗಿಗಳು ಆ ಕ್ಷಣಕ್ಕೆ ಬದುಕುಳಿದಿದ್ದರು. ವಾಸ್ತವದಲ್ಲಿ ಬದುಕುವವರು ತೀರಾ ಕಡಿಮೆ.

ನೇರಪ್ರಸಾರದಲ್ಲಿ ಕರೆ ಮಾಡಿದವರಿಗೆ ಮಾತ್ರೆಯ ಹೆಸರು ಹೇಳಬೇಡಿ. ಎದೆನೋವು, ಬೆವರು ಎಂದರೆ ನಿರೂಪಕರು ಅವಸರಪಡಿಸಿದರೂ ನಿಲ್ಲಿಸಿ, ‘ಈಗಲೇ ಆಸ್ಪತ್ರೆಗೆ ಹೊರಡಿ’ ಎನ್ನಿ.