ಪ್ರಶ್ನೋತ್ತರ: ಹೊರೆ ಹೊತ್ತ ವಸ್ತು ಯಾವಾಗ ಸೋಲುತ್ತದೆ?

ಪ್ರಶ್ನೆ: ಉಕ್ಕಿನ ಸರಳನ್ನು ಯಂತ್ರದಲ್ಲಿ ಎಳೆದು ಅದರ ಬಲವನ್ನು ಅಳೆಯುತ್ತಾರೆ. ಆದರೆ ತಿರುಗುವ ದಂಡವೊಂದು ಒಂದೇ ಸಮಯಕ್ಕೆ ಬಾಗುತ್ತಲೂ ತಿರುಚಿಕೊಳ್ಳುತ್ತಲೂ ಇರುವಾಗ, ಎಳೆತದ ಆ ಒಂದೇ ಅಂಕಿಯನ್ನು ಹಿಡಿದು ಅದು ಸೋಲುವ ಘಳಿಗೆಯನ್ನು ಹೇಳುವುದು ಹೇಗೆ?

ಉತ್ತರ: ಎಳೆತದ ಪರೀಕ್ಷೆಯಲ್ಲಿ ಬಲ ಒಂದೇ ದಿಕ್ಕಿನಲ್ಲಿರುವುದರಿಂದ ಲೆಕ್ಕ ಸರಳ. ಬಲವನ್ನು ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ಪೀಡನ, ಅಂದರೆ ಸ್ಟ್ರೆಸ್, ದೊರೆಯುತ್ತದೆ. ಮೆದು ಉಕ್ಕಿನಲ್ಲಿ ಇದು ಸುಮಾರು 250 ಮೆಗಾಪಾಸ್ಕಲ್ (ಪೀಡನವನ್ನು ಅಳೆಯುವ ಏಕಮಾನ) ಮುಟ್ಟಿದಾಗ, ಹೊರೆ ತೆಗೆದರೂ ಸರಳು ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಈ ಹಂತಕ್ಕೆ ಯೀಲ್ಡ್ ಎಂದು ಹೆಸರು. ನಿಜವಾದ ಯಂತ್ರಭಾಗದಲ್ಲಾದರೋ ಪ್ರತಿಯೊಂದು ಬಿಂದುವಿನಲ್ಲೂ ಹಲವು ದಿಕ್ಕುಗಳ ಪೀಡನಗಳು ಕೂಡಿಕೊಂಡಿರುತ್ತವೆ. ಅವು ಎಷ್ಟೇ ಜಟಿಲವಾಗಿದ್ದರೂ, ಪರಸ್ಪರ ಲಂಬವಾದ ಮೂರು ದಿಕ್ಕುಗಳನ್ನು ಸರಿಯಾಗಿ ಆರಿಸಿಕೊಂಡರೆ ಬರೀ ಎಳೆತ ಅಥವಾ ಒತ್ತುವಿಕೆಯಷ್ಟೇ ಉಳಿಯುವಂತೆ ಬರೆಯಬಹುದು; ಇವೇ ಪ್ರಧಾನ ಪೀಡನಗಳು. ಈ ಮೂರು ಅಂಕಿಗಳನ್ನು ಪ್ರಯೋಗಾಲಯದ ಆ ಒಂದು ಅಂಕಿಯೊಡನೆ ಹೋಲಿಸುವ ನಿಯಮ ಯಾವುದೆಂಬುದೇ ತಮ್ಮ ಪ್ರಶ್ನೆಯ ತಿರುಳು.

ಮೂರರಲ್ಲಿ ದೊಡ್ಡದನ್ನು ಮಾತ್ರ ನೋಡಿದರೆ ಸಾಕೆನ್ನುವುದು ರ‍್ಯಾಂಕಿನ್ ಹೆಸರಿನ ನಿಯಮ. ಲೋಹಗಳ ಮಟ್ಟಿಗೆ ಇದು ಸರಿಹೊಂದದು, ಏಕೆಂದರೆ ಲೋಹದ ಹರಳುಗಳಲ್ಲಿ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದರಿಂದ ಯೀಲ್ಡ್ ಆಗುತ್ತದೆಯೇ ಹೊರತು ಅವು ಬೇರ್ಪಡುವುದರಿಂದಲ್ಲ. ಎಲ್ಲ ಕಡೆಯಿಂದಲೂ ಸಮನಾಗಿ ಅದುಮಿದರೆ, ಪೀಡನ ಎಷ್ಟೇ ಹೆಚ್ಚಿದರೂ ಜಾರಿಸುವ ಬಲವೇ ಹುಟ್ಟುವುದಿಲ್ಲವಾದ್ದರಿಂದ, ಘನ ಲೋಹವು ಯೀಲ್ಡ್ ಆಗದೆ ಉಳಿಯುತ್ತದೆ. ಹೀಗಾಗಿ ನೋಡಬೇಕಾದದ್ದು ಪ್ರಧಾನ ಪೀಡನಗಳ ನಡುವಿನ ವ್ಯತ್ಯಾಸವನ್ನು. 1864ರಲ್ಲಿ ಫ್ರಾನ್ಸಿನ ಟ್ರೆಸ್ಕಾ ಅವುಗಳಲ್ಲಿ ಅತಿ ದೊಡ್ಡ ವ್ಯತ್ಯಾಸವನ್ನು ಅಳತೆಗೋಲಾಗಿ ಹಿಡಿದರು. 1904ರಲ್ಲಿ ಹ್ಯೂಬರ್ ಮತ್ತು 1913ರಲ್ಲಿ ಫಾನ್ ಮೀಸೆಸ್ ಮೂರೂ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸುವ ಸೂತ್ರವನ್ನು ಕೊಟ್ಟರು. ವಸ್ತುವಿನ ಗಾತ್ರವನ್ನಲ್ಲ, ಆಕಾರವನ್ನು ಮಾತ್ರ ಬದಲಿಸಲು ವ್ಯಯವಾದ ಶಕ್ತಿಯ ಲೆಕ್ಕವೇ ಅದು.

ತಮ್ಮ ದಂಡಕ್ಕೇ ಇದನ್ನು ಅನ್ವಯಿಸೋಣ. ಬಾಗುವಿಕೆಯಿಂದ 120 ಮೆಗಾಪಾಸ್ಕಲ್ ಎಳೆತವೂ ತಿರುಚುವಿಕೆಯಿಂದ 60 ಮೆಗಾಪಾಸ್ಕಲ್ ಶಿಯರ್ ಪೀಡನವೂ (ಪದರಗಳನ್ನು ಜಾರಿಸುವ ಪೀಡನ) ಇದ್ದರೆ, ರ‍್ಯಾಂಕಿನ್ ನಿಯಮವು ಮಿತಿಯೊಡನೆ ಹೋಲಿಸಬೇಕಾದ ಪೀಡನ ಸುಮಾರು 145 ಎನ್ನುತ್ತದೆ, ಫಾನ್ ಮೀಸೆಸ್ 159, ಟ್ರೆಸ್ಕಾ 170. ಉಕ್ಕಿನ ಮಿತಿ 250 ಎಂದಿಟ್ಟುಕೊಂಡರೆ, ಕೈಯಲ್ಲಿರುವ ಸುರಕ್ಷತೆ ಕ್ರಮವಾಗಿ 1.7, 1.6 ಮತ್ತು 1.5 ಪಟ್ಟು. ಟೇಲರ್ ಮತ್ತು ಕ್ವಿನ್ನಿ 1931ರಲ್ಲಿ ಲೋಹದ ಕೊಳವೆಗಳನ್ನು ಎಳೆಯುತ್ತಲೇ ತಿರುಚಿ ನಡೆಸಿದ ಪ್ರಯೋಗಗಳಲ್ಲಿ ಅಳತೆಗಳು ಟ್ರೆಸ್ಕಾಗಿಂತ ಫಾನ್ ಮೀಸೆಸ್ ಸೂತ್ರಕ್ಕೆ ಹತ್ತಿರವಿದ್ದವು. ಆದರೂ ಟ್ರೆಸ್ಕಾ ನಿಯಮವನ್ನು ಕೈಬಿಟ್ಟಿಲ್ಲ, ಏಕೆಂದರೆ ಅದು ತಪ್ಪಿದರೂ ಸುರಕ್ಷತೆಯ ಕಡೆಗೇ ತಪ್ಪುತ್ತದೆ.

ಇನ್ನು ಬಾಗದೆ ಒಡೆಯುವ ಪೆಡಸು ವಸ್ತುಗಳಲ್ಲಿ ನ್ಯಾಯವೇ ಬೇರೆ. ಸೀಮೆಸುಣ್ಣದ ಕಡ್ಡಿಯನ್ನು ಎರಡೂ ತುದಿ ಹಿಡಿದು ತಿರುಚಿ ನೋಡಿ: ಅದು ಸುಮಾರು 45 ಡಿಗ್ರಿ ಓರೆಯಾಗಿ, ಸುರುಳಿಯಂತೆ ಒಡೆಯುತ್ತದೆ, ಏಕೆಂದರೆ ಗರಿಷ್ಠ ಎಳೆತ ಇರುವುದು ಆ ಓರೆಗೆ ಅಡ್ಡಲಾಗಿ. ಮೆದು ಉಕ್ಕಿನ ಸರಳಾದರೆ ಹಲವು ಸುತ್ತು ತಿರುಚಿಕೊಂಡ ಮೇಲೆ ನೇರ ಅಡ್ಡಕ್ಕೆ, ಶಿಯರ್ ಗರಿಷ್ಠವಿರುವ ತಲದಲ್ಲಿ, ಕತ್ತರಿಸಿ ಹೋಗುತ್ತದೆ. ಆದ್ದರಿಂದ ಎರಕದ ಕಬ್ಬಿಣಕ್ಕೆ, ಕಾಂಕ್ರೀಟಿಗೆ ಫಾನ್ ಮೀಸೆಸ್ ಸೂತ್ರವನ್ನು ಬಳಸುವುದು ತಪ್ಪು. ಎಳೆತದಲ್ಲಿ ಕಾಂಕ್ರೀಟಿನ ಬಲ ಒತ್ತುವಿಕೆಯಲ್ಲಿರುವುದರ ಹತ್ತನೇ ಒಂದರಷ್ಟು ಮಾತ್ರವಾದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಪರಿಗಣಿಸುವ ನಿಯಮ ಬೇಕು. ಕೂಲಂಬ್ ಹದಿನೆಂಟನೆಯ ಶತಮಾನದಲ್ಲೇ ಮಣ್ಣು ಮತ್ತು ಕಲ್ಲಿನ ವಿಚಾರದಲ್ಲಿ ಅಂಥದೊಂದಕ್ಕೆ ತಳಹದಿ ಹಾಕಿದ್ದರು.

ಪ್ರಶ್ನೆ: ಲೆಕ್ಕದ ಮಿತಿಗಿಂತ ಎಷ್ಟೋ ಕಡಿಮೆ ಹೊರೆಯಲ್ಲೇ ಭಾಗಗಳು ಮುರಿಯುವುದುಂಟಲ್ಲ, ಅದೇಕೆ?

ಉತ್ತರ: ಮೇಲಿನ ನಿಯಮಗಳೆಲ್ಲವೂ ವಸ್ತುವಿನಲ್ಲಿ ಬಿರುಕಿಲ್ಲ, ಹೊರೆ ಒಂದೇ ಸಲ ಬೀಳುತ್ತದೆ ಎಂದು ಭಾವಿಸುತ್ತವೆ. ಅಗಲವಾದ ತಗಡನ್ನು ಎಳೆದಾಗ, ಅದರಲ್ಲಿರುವ ದುಂಡು ರಂಧ್ರದ ಅಂಚಿನಲ್ಲಿ ಪೀಡನವು ಮೂರು ಪಟ್ಟಾಗುತ್ತದೆ. ರಂಧ್ರವು ಎಳೆತಕ್ಕೆ ಅಡ್ಡಲಾಗಿ ಚಪ್ಪಟೆಯಾದಷ್ಟೂ ಅದು ಏರುತ್ತದೆ. ಚೂಪಾದ ಬಿರುಕಿನ ತುದಿಯಲ್ಲಂತೂ ಪೀಡನವನ್ನೇ ಹಿಡಿದು ಕುಳಿತರೆ ಲೆಕ್ಕ ಅನಂತಕ್ಕೆ ಹೋಗುತ್ತದೆ. ಗಾಜನ್ನು ಪರೀಕ್ಷಿಸುತ್ತಿದ್ದ ಗ್ರಿಫಿತ್ 1921ರಲ್ಲಿ ಈ ತೊಡಕನ್ನು ಬಿಡಿಸಿದರು: ಬಿರುಕು ಮುಂದುವರಿದಾಗ ಬಿಡುಗಡೆಯಾಗುವ ಶಕ್ತಿಯು ಹೊಸ ಮೇಲ್ಮೈಗಳನ್ನು ಉಂಟುಮಾಡಲು ಬೇಕಾದ ಶಕ್ತಿಗೆ ಸಾಲುವಂತಿದ್ದರೆ ಮಾತ್ರ ಅದು ಓಡುತ್ತದೆ. ಇದರ ಫಲವಾಗಿ, ಬಿರುಕು ನಾಲ್ಕು ಪಟ್ಟು ಉದ್ದವಾದರೆ ತಾಳಿಕೆ ಅರ್ಧಕ್ಕಿಳಿಯುತ್ತದೆ. ಇರ್ವಿನ್ 1950ರ ದಶಕದಲ್ಲಿ ಇದನ್ನು ಲೋಹಗಳಿಗೂ ಒಗ್ಗಿಸಿದರು.

ಎರಡನೆಯ ಕಾರಣ ದಣಿವು. ರೈಲಿನ ಅಚ್ಚುಗಳು ಏಕೆ ಮುರಿಯುತ್ತವೆಂದು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದ ಜರ್ಮನಿಯ ವೋಲರ್, ಯೀಲ್ಡ್ ಮಿತಿಗಿಂತ ಕೆಳಗಿನ ಪೀಡನವೂ ಲಕ್ಷಾಂತರ ಸಲ ಮರುಕಳಿಸಿದರೆ ಮುರಿಯಬಲ್ಲದೆಂದು ತೋರಿಸಿದರು. ಉಕ್ಕಿನಲ್ಲಿ ಸಾಮಾನ್ಯವಾಗಿ ಒಂದು ಕೆಳಮಿತಿ ಇದ್ದು, ಅದಕ್ಕಿಂತ ಕಡಿಮೆ ಪೀಡನವನ್ನು ಅದು ಬಹುಕಾಲ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿನಲ್ಲಿ ಅಂಥ ಸ್ಪಷ್ಟ ಮಿತಿಯಿಲ್ಲ. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲೇ ಛಿದ್ರವಾದ ಬಳಿಕ, ಅದೇ ಮಾದರಿಯ ಇನ್ನೊಂದರ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು ಒಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ಅದು ಹಿಂದೆ ಮಾಡಿದ್ದ ಹಾರಾಟಗಳೂ ಸೇರಿ ಮೂರು ಸಾವಿರ ಚಿಲ್ಲರೆ ಆವರ್ತಗಳಿಗೆ ಒಡಲು ಸೀಳಿತು. ಬಿರುಕು ಹುಟ್ಟಿದ್ದು ತೆರಪೊಂದರ ಮೂಲೆಯಲ್ಲಿ.

ಪ್ರಶ್ನೆ: ಕಂಪ್ಯೂಟರ್ ಬಣ್ಣಬಣ್ಣದ ಚಿತ್ರದಲ್ಲಿ ಅಪಾಯದ ಜಾಗವನ್ನು ಕೆಂಪಾಗಿ ತೋರಿಸುವಾಗ ಇಷ್ಟೆಲ್ಲ ತಿಳಿದಿರಬೇಕೆ?

ಉತ್ತರ: ತಿಳಿದಿರಲೇಬೇಕು. ಆ ಬಣ್ಣಗಳು ಬಹುಮಟ್ಟಿಗೆ ಫಾನ್ ಮೀಸೆಸ್ ಪೀಡನವನ್ನು ತೋರಿಸುತ್ತವೆ. ಭಾಗವು ಎರಕದ ಕಬ್ಬಿಣದ್ದಾಗಿದ್ದರೆ ನೋಡುತ್ತಿರುವ ಚಿತ್ರವೇ ಅಸಂಗತ. ಅಲ್ಲದೆ ಒಳಮೂಲೆ ಚೂಪಾಗಿದ್ದರೆ, ಲೆಕ್ಕಕ್ಕಾಗಿ ಭಾಗವನ್ನು ಪುಟ್ಟ ತುಂಡುಗಳಾಗಿ ಹಂಚುವ ಜಾಲವನ್ನು ಸಣ್ಣದು ಮಾಡಿದಷ್ಟೂ ಅಲ್ಲಿನ ಅಂಕಿ ನಿಲ್ಲದೆ ಏರುತ್ತಲೇ ಹೋಗುತ್ತದೆ. ಅದು ವಸ್ತುವಿನ ಗುಣವಲ್ಲ, ಮಾದರಿಯ ದೋಷ. ಅಂಥಲ್ಲಿ ಮೂಲೆಗೆ ನಿಜವಾಗಿ ಇರುವ ದುಂಡುತನವನ್ನು ಮಾದರಿಯಲ್ಲಿ ಕೊಟ್ಟು ಮತ್ತೆ ಲೆಕ್ಕ ಮಾಡಬೇಕು, ಇಲ್ಲವೇ ಅಲ್ಲಿ ಬಿರುಕಿದೆಯೆಂದೇ ಭಾವಿಸಿ ಗ್ರಿಫಿತ್ ದಾರಿಯಲ್ಲಿ ಲೆಕ್ಕ ಹಾಕಬೇಕು.