ಓದುಗರ ಪ್ರಶ್ನೆ: ಪಿಕಪ್ ಒಳಗೆ ಮಳೆ ನೀರು

ಪ್ರಶ್ನೆ: ಎಂಟು ವರ್ಷದ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್. ಜೋರು ಮಳೆ ಸುರಿದ ಮಾರನೇ ದಿನ ಹಿಂದಿನ ಸೀಟಿನಡಿ ಕಾರ್ಪೆಟ್ ಒತ್ತಿದರೆ ನೀರು ಒಸರುತ್ತದೆ. ಹಿಂದಿನ ಗಾಜಿನ ಸುತ್ತ ಎರಡು ಸಲ ಸಿಲಿಕಾನ್ ಹಾಕಿಸಿದ್ದಾಯಿತು, ಸೋರಿಕೆ ನಿಂತಿಲ್ಲ. ಗಾಜನ್ನೇ ಬಿಚ್ಚಿ ಕೂರಿಸಬೇಕೆ?
– ಓದುಗರು, ಪೀಣ್ಯ

ಉತ್ತರ: ಗಾಜಿನ ತಂಟೆಗೆ ಈಗಲೇ ಹೋಗಬೇಡಿ. ನೀರು ನಿಂತ ಜಾಗ ಒಂದು, ನುಗ್ಗಿದ ಜಾಗ ಇನ್ನೊಂದು. ಡಬಲ್ ಕ್ಯಾಬ್‌ನಲ್ಲಿ ಹಿಂದೆ ನೀರು ಕಂಡರೆ ನಮ್ಮ ಮೊದಲ ಅನುಮಾನ ಗಾಜಿನ ಮೇಲ್ಗಡೆ ತಗಡಿನಲ್ಲಿ ಕೂರಿಸಿರುವ ಮೂರನೇ ಬ್ರೇಕ್ ಲೈಟ್ ಮೇಲೆ. ಅದರ ಹಿಂದಿನ ಫೋಮ್ ಗ್ಯಾಸ್ಕೆಟ್ ಬಿಸಿಲಿಗೆ ಚಪ್ಪಟೆಯಾಗಿ ಹಪ್ಪಳವಾಗಿರುತ್ತದೆ. ನೀರು ಹಿಂಗೋಡೆಯ ತಗಡಿನ ಒಳಮೈ ಹಿಡಿದು ನೇರ ಸೀಟಿನಡಿಗೆ ಇಳಿಯುವುದರಿಂದ ಮೇಲಿನ ರೂಫ್ ಬಟ್ಟೆ ಒಣಗಿಯೇ ಇರಬಹುದು. ಎರಡನೇ ಅನುಮಾನ, ಸೀಟಿನ ಬೆನ್ನ ಹಿಂದೆ ಕ್ಯಾಬಿನ್ ಗಾಳಿ ಹೊರಹೋಗಲು ಇಟ್ಟಿರುವ ರಬ್ಬರ್ ರೆಕ್ಕೆಯ ವೆಂಟ್. ಜಾರುವ ಗಾಜಿದ್ದರೆ ಅದರ ಕೆಳಚೌಕಟ್ಟಿನ ನೀರಿಳಿಯುವ ತೂತುಗಳಲ್ಲಿ ಮಣ್ಣು ಕಟ್ಟಿದೆಯೇ ನೋಡಿ. ಕ್ಯಾರಿಯರ್ ಬೋಲ್ಟು, ಆಂಟೆನಾ ಬುಡ ಆಮೇಲೆ.

ಪತ್ತೆಗೆ ಇಬ್ಬರು ಬೇಕು. ಸೀಟು, ಹಿಂದಿನ ಟ್ರಿಮ್ ಬಿಚ್ಚಿ ತಗಡು ಪೂರ್ತಿ ಒರೆಸಿ, ಒಣ ಟಿಶ್ಯೂ ಪೇಪರ್ ಅಂಟಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಹೊರಗಿನವರು ಪೈಪಿನ ನೀರನ್ನು ರಭಸವಿಲ್ಲದೆ ಕೆಳಗಿನಿಂದ ಶುರು ಮಾಡಲಿ: ಮೊದಲು ವೆಂಟ್, ಆಮೇಲೆ ಗಾಜಿನ ಕೆಳಅಂಚು, ಬದಿಗಳು, ಕೊನೆಗೆ ಬ್ರೇಕ್ ಲೈಟ್. ಒಂದೊಂದಕ್ಕೂ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ಎಲ್ಲ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ.

ಹಾಗೂ ಸಿಗದಿದ್ದರೆ ಸೋಪು ನೀರು. ಗಾಜುಗಳನ್ನೆಲ್ಲ ಏರಿಸಿ, ಹಿಂದಿನ ವೆಂಟ್‌ಗೆ ಟೇಪ್ ಹಚ್ಚಿ, ಹೊರಗಿನ ಗಾಳಿ ಎಳೆಯುವ ಸ್ಥಿತಿಯಲ್ಲಿ ಬ್ಲೋವರನ್ನು ಪೂರ್ತಿ ವೇಗಕ್ಕಿಡಿ. ಹೊರಗಿನಿಂದ ಸೋಪು ನೀರು ಸಿಂಪಡಿಸಿದರೆ ಸಂದಿಯಿರುವಲ್ಲಿ ಗುಳ್ಳೆ ಏಳುತ್ತದೆ.

ಬ್ರೇಕ್ ಲೈಟೇ ಕಳ್ಳನಾದರೆ ಕೆಲಸ ಅರ್ಧ ಗಂಟೆಯದು. ಸ್ಕ್ರೂ, ಕನೆಕ್ಟರ್ ತೆಗೆದು ಹಳೇ ಫೋಮನ್ನು ಪ್ಲಾಸ್ಟಿಕ್ ಚೂರಿನಿಂದ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ತುಕ್ಕಿದ್ದರೆ ಉಜ್ಜಿ, ಪ್ರೈಮರ್ ಮತ್ತು ಟಚಪ್ ಬಣ್ಣ ಕೊಟ್ಟು ಒಣಗಲು ಬಿಡಿ. ಲೈಟಿನ ಅಂಚಿನುದ್ದಕ್ಕೂ ಬ್ಯೂಟೈಲ್ ಟೇಪನ್ನು (ಮೆತ್ತಗೆ ಅಂಟುವ ರಬ್ಬರ್ ಪಟ್ಟಿ) ಎಲ್ಲೂ ಕಡಿಯದಂತೆ ಸುತ್ತಿ, ಸ್ಕ್ರೂಗಳನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದೇ ಕಡೆ ಬಿಗಿದರೆ ಲೆನ್ಸ್ ಸೀಳುತ್ತದೆ. ವಿನೆಗರ್ ವಾಸನೆಯ ಸಿಲಿಕಾನ್ ಮಾತ್ರ ಬೇಡ. ಬಣ್ಣ ಹೋದ ತಗಡಿಗೆ ಅದು ತುಕ್ಕು ತರಿಸುತ್ತದೆ. ಅದರ ಜಿಡ್ಡು ಉಳಿದ ಕಡೆ ಬಣ್ಣವಾಗಲಿ, ಗಾಜು ಕೂರಿಸುವ ಯುರಿಥೇನ್ ಆಗಲಿ ಹಿಡಿಯುವುದಿಲ್ಲ. ಈಗಾಗಲೇ ಬಳಿದಿರುವುದನ್ನೂ ಕೆರೆಸಿಬಿಡಿ.

ಕಾರ್ಪೆಟ್ ಮೇಲ್ಮೈ ಒಣಗಿತೆಂದು ನಂಬಬೇಡಿ. ಅದರಡಿಯ ದಪ್ಪ ಫೆಲ್ಟ್ ವಾರಗಟ್ಟಲೆ ನೀರು ಹಿಡಿದಿಡುತ್ತದೆ, ಮುಗ್ಗಲು ವಾಸನೆ ಅಲ್ಲಿಂದಲೇ. ಕಾರ್ಪೆಟ್ ಎತ್ತಿ, ಅಡಿಗೆ ಮರದ ತುಂಡು ಕೊಟ್ಟು, ಎರಡು ಮೂರು ದಿನ ಫ್ಯಾನ್ ಬಿಡಿ. ಮುಂದಿನ ಸೀಟನ್ನೂ ಬಿಚ್ಚುವುದಾದರೆ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ ಹತ್ತು ನಿಮಿಷ ಕಾಯಿರಿ. ಸೀಟಿನಡಿಯ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು.

ಪ್ರಶ್ನೆ: ಗಾಡಿ ರಸ್ತೆ ಬದಿಯ ಮಳೆಮರದಡಿ ನಿಲ್ಲುತ್ತದೆ. ಮುಂದೆ ಎಡಗಡೆ ಮ್ಯಾಟ್ ಒದ್ದೆ.
– ಓದುಗರು, ಜಯನಗರ

ಉತ್ತರ: ಮೊದಲು ಇದು ಮಳೆ ನೀರೇ ಎಂದು ಖಚಿತ ಮಾಡಿಕೊಳ್ಳಿ. ಬಿಸಿಲು ದಿನ ಎಸಿ ಹಾಕಿದಾಗಲೂ ಒದ್ದೆಯಾದರೆ ಎಸಿ ನೀರಿನ ಕೊಳವೆ ಕಟ್ಟಿದೆ. ಅಂಟಂಟಾಗಿ ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಹೀಟರ್ ಕಡೆ ನೋಡಬೇಕು.

ಮಳೆ ನೀರೇ ಆದರೆ ಬಾನೆಟ್ ಎತ್ತಿ, ವೈಪರ್ ಬುಡದ ಪ್ಲಾಸ್ಟಿಕ್ ಜಾಲರಿ ಬಿಚ್ಚಿ. ಮಳೆಮರದ ಪುಟ್ಟ ಎಲೆಗಳು ಜಾಲರಿಯಲ್ಲಿ ತೂರಿ ಒಳಗೆ ಗೊಬ್ಬರವಾಗಿ, ಎರಡೂ ತುದಿಯ ನೀರಿಳಿಯುವ ದಾರಿ ಮುಚ್ಚುತ್ತವೆ. ತುಂಬಿದ ನೀರು ಬ್ಲೋವರಿನ ಗಾಳಿಬಾಯಿಯಿಂದ ಒಳಗೆ ಸುರಿಯುತ್ತದೆ. ಕಸವನ್ನು ಕೈಯಿಂದ, ವ್ಯಾಕ್ಯೂಮಿನಿಂದ ಮೇಲಕ್ಕೆ ತೆಗೆಯಿರಿ. ಪ್ರೆಶರ್ ನೀರು ಹೊಡೆದರೆ ಇನ್ನಷ್ಟು ಒಳಗೆ ಕೂರುತ್ತದೆ. ಆಮೇಲೆ ಒಂದು ಲೀಟರ್ ನೀರನ್ನು ನಿಧಾನವಾಗಿ ಹೊಯ್ದರೆ ತಡೆಯಿಲ್ಲದೆ ನೆಲಕ್ಕೆ ಬೀಳಬೇಕು.

ಅಲ್ಲಿ ಸರಿಯಿದ್ದರೆ ಬಾಗಿಲು ನೋಡಿ. ಗಾಜಿನ ಸಂದಿಯಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದು ಕೆಳಅಂಚಿನ ತೂತುಗಳಿಂದ ಹೋಗಬೇಕು. ಡೋರ್ ಪ್ಯಾಡ್ ಹಿಂದೆ ಕಪ್ಪು ಅಂಟಿನಲ್ಲಿ ಹಚ್ಚಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಸ್ಪೀಕರ್ ಅಥವಾ ಪವರ್ ವಿಂಡೋ ರಿಪೇರಿಗೆ ಅದನ್ನು ಕಿತ್ತವರು ಮತ್ತೆ ಅಂಟಿಸುವುದು ಅಪರೂಪ! ಹಾಳೆಯ ಕೆಳತುದಿ ಬಾಗಿಲಿನ ಒಳಗೆ ತಿರುಗಿರುವಂತೆ ಬ್ಯೂಟೈಲ್ ಟೇಪಿನಲ್ಲಿ ಅಂಟಿಸಿ.

ಪ್ರಶ್ನೆ: ವಾಟರ್ ವಾಶ್ ಮಾಡಿಸಿದಾಗ ಮಾತ್ರ ಬಾಗಿಲ ಸಂದಿಯಲ್ಲಿ ನೀರು. ಬೀಡಿಂಗ್ (ಬಾಗಿಲ ಸುತ್ತಿನ ರಬ್ಬರ್) ಬದಲಿಸಬೇಕೆ?
– ಓದುಗರು, ಕೆಂಗೇರಿ

ಉತ್ತರ: ಗನ್ನನ್ನು ಹತ್ತಿರ ಹಿಡಿದರೆ ಹೊಸ ಬೀಡಿಂಗ್ ಕೂಡ ಬಿಟ್ಟುಕೊಡುತ್ತದೆ. ಬಾಗಿಲಿಗೆ ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ, ಸುತ್ತಲೂ ಎಂಟು ಹತ್ತು ಕಡೆ ಎಳೆದು ನೋಡಿ. ಬಿಗಿಯಾಗಿ ಬಂದರೆ ಸುಮ್ಮನಿರಿ. ಒಂದೇ ಕಡೆ ಸಲೀಸಾಗಿ ಜಾರಿದರೆ ಬೀಡಿಂಗ್ ಅಲ್ಲಿ ಸೀಳಿದೆಯೇ, ತೋಡಿನಿಂದ ಎದ್ದಿದೆಯೇ ನೋಡಿ. ಉದ್ದಕ್ಕೂ ಸಡಿಲವಿದ್ದರೆ ಮೊದಲು ಬಾಗಿಲ ಚೌಕಟ್ಟಿನ ಮೇಲಿರುವ ಲಾಕ್ ಕೊಂಡಿಯನ್ನು ಕೂದಲೆಳೆಯಷ್ಟು ಒಳಗೆ ಸರಿಸಿ ನೋಡಿ, ಅದಕ್ಕೆ ಖರ್ಚಿಲ್ಲ.