ದುಬಾರಿ ಸಾವಯವ ತರಕಾರಿ ಕೊಂಡರೆ ಪರಿಸರಕ್ಕೆ ನಿಜಕ್ಕೂ ಲಾಭ ಇದೆಯಾ?

ಇದೆ. ಆದರೆ ನೀವು ಪುಣೆಯಲ್ಲಿ ಜಾಸ್ತಿ ದುಡ್ಡು ಕೊಟ್ಟು ತರುವ ಮೆಂತ್ಯ ಸೊಪ್ಪಿನ ಲಾಭ ಮುಖ್ಯವಾಗಿ ಅದು ಬೆಳೆದ ಜಮೀನಿಗೆ, ಅಲ್ಲಿನ ಬಾವಿ ನೀರಿಗೆ.

ಕಾರಣ ಸಾರಜನಕ, ಅಂದರೆ ನೈಟ್ರೋಜನ್. ಹೊಲಕ್ಕೆ ಹಾಕಿದ ಯೂರಿಯಾದ ಸಾರಜನಕದಲ್ಲಿ ಎಷ್ಟೋ ಸಲ ಅರ್ಧದಷ್ಟೂ ಬೆಳೆಗೆ ಸಿಗುವುದಿಲ್ಲ. ಉಳಿದದ್ದರಲ್ಲಿ ಒಂದು ಪಾಲು ನೈಟ್ರೇಟ್ ಆಗಿ ಮಳೆನೀರಿನ ಜೊತೆ ಬಾವಿ, ಹಳ್ಳ ಸೇರುತ್ತದೆ, ಇನ್ನೊಂದಿಷ್ಟು ನೈಟ್ರಸ್ ಆಕ್ಸೈಡ್ ಅನ್ನುವ ಅನಿಲವಾಗಿ ಗಾಳಿಗೆ ಹೋಗುತ್ತದೆ, ಅದು ತೂಕಕ್ಕೆ ತೂಕ ಹಿಡಿದರೆ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಸಾವಯವದಲ್ಲಿ ಯೂರಿಯಾ ಬದಲು ಹಾಕುವ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ನಿಧಾನವಾಗಿ ಕೊಳೆಯುತ್ತವೆ, ಬೆಳೆಗೆ ಸ್ವಲ್ಪ ಸ್ವಲ್ಪವೇ ಕೊಡುತ್ತವೆ. ಮಣ್ಣೂ ನೀರು ಹಿಡಿದಿಟ್ಟುಕೊಳ್ಳುತ್ತದೆ. (ಸಗಣಿ ಗೊಬ್ಬರವನ್ನು ಸಿಕ್ಕಾಪಟ್ಟೆ ಸುರಿದರೆ ಅದೂ ಸೋರುತ್ತದೆ, ಇದನ್ನು ಯಾರೂ ಹೇಳುವುದಿಲ್ಲ!)

ತೊಡಕು ಇಳುವರಿಯದ್ದು. ಸಾವಯವದಲ್ಲಿ ಅದು ಸರಾಸರಿ ಶೇ. 20ರಿಂದ 25ರಷ್ಟು ಕಡಿಮೆ, ಹಾಗಾಗಿ ಅಷ್ಟೇ ಬೆಳೆಗೆ ಹೆಚ್ಚು ಭೂಮಿ ಬೇಕು. ಸಿಕ್ಕಿಂ ವರ್ಷಗಟ್ಟಲೆ ತಯಾರಿ ಮಾಡಿ 2016ರಲ್ಲಿ ಪೂರ್ತಿ ಸಾವಯವ ರಾಜ್ಯ ಅನ್ನಿಸಿಕೊಂಡಿತು. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿತು, ಭತ್ತ, ಚಹಾ ಎರಡೂ ಕುಸಿದು ಕೆಲವೇ ತಿಂಗಳಲ್ಲಿ ಹಿಂದೆ ಸರಿಯಿತು.

ಇನ್ನು ಪುಣೆಯ ಅಂಗಡಿಗಳಲ್ಲಿ 'ಸೇಂದ್ರಿಯ' (ಮರಾಠಿಯಲ್ಲಿ ಸಾವಯವ) ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಸುಮ್ನೆ ನಂಬಬೇಡಿ. ಪ್ಯಾಕೆಟ್ ಆದರೆ 'ಜೈವಿಕ್ ಭಾರತ್'ನಂಥ ಸರ್ಕಾರದ ಸಾವಯವ ಗುರುತು ನೋಡಿ, ರೈತರಿಂದ ನೇರವಾಗಿ ಕೊಂಡರೆ ಯಾವ ಗೊಬ್ಬರ ಹಾಕಿದ್ದಾರೆ ಅಂತ ಕೇಳಿ.